1098: ಫೋನು ಸರಿ, ರಸೀದಿ ಎಲ್ಲಿ?

ಶಾಲೆಯ ಗೋಡೆ, ಅಂಗನವಾಡಿ ಬಾಗಿಲು, ರೈಲು ನಿಲ್ದಾಣದ ಕಂಬ, ಎಲ್ಲೆಲ್ಲೂ ಮಕ್ಕಳ ಸಹಾಯವಾಣಿ 1098. 'ಟೆನ್ ನೈನ್ ಎಯ್ಟ್' ಅಂತ ಮಕ್ಕಳಿಗೂ ಬಾಯಿಪಾಠ. ಆದರೆ ಫೋನ್ ಮಾಡಿದ ಮೇಲೆ ಏನಾಗಬೇಕು, ಆ ಸೇವೆಯ ಕೆಲಸ ಎಲ್ಲಿಗೆ ಮುಗಿಯುತ್ತದೆ, ಫೋನ್ ಮಾಡಿದವರ ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂದು ಮೈಸೂರು, ಮಂಡ್ಯದ ಮುಖ್ಯಶಿಕ್ಷಕರನ್ನೋ ಹಾಸ್ಟೆಲ್ ವಾರ್ಡನ್‌ಗಳನ್ನೋ ನರ್ಸಿಂಗ್ ಹೋಂ ಮಾಲೀಕರನ್ನೋ ಕೇಳಿ ನೋಡಿ. ಹತ್ತರಲ್ಲಿ ಒಂದು ಉತ್ತರ ಸರಿ ಬಂದರೆ ಹೆಚ್ಚು. ದೋಸೆ ಹೇಗಿದೆ, ಪಾರ್ಕಿಂಗ್ ಇದೆಯೇ ಎಂದು ವಿಮರ್ಶೆ ಬರೆಯುವ ನಾವು ಈ ಸೇವೆಯನ್ನೂ ಒಮ್ಮೆ ಹಾಗೆಯೇ ತಿರುವಿ ನೋಡೋಣ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಗುವಿಗೆ ನೆರವು ಸಿಗುವ ಬಾಗಿಲಾಗಿ 1098 ಉತ್ತಮ. ಕಾನೂನು ಹೊರಿಸಿದ ವರದಿಯ ಹೊಣೆ ತೀರಿತು ಎನ್ನುವ ರಸೀದಿಯಾಗಿ ಅದನ್ನು ನಂಬಿ ಕೂತರೆ ಕೈ ಸುಡುತ್ತದೆ.

1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಸಹಾಯವಾಣಿ ಬಹುಕಾಲ ಸ್ವಯಂಸೇವಾ ಸಂಸ್ಥೆಗಳ ಜಾಲದ ಮೂಲಕ ನಡೆಯುತ್ತಿತ್ತು. 2023ರಿಂದ ಮಿಷನ್ ವಾತ್ಸಲ್ಯ ಯೋಜನೆಯಡಿ ಸರ್ಕಾರವೇ ವಹಿಸಿಕೊಂಡು ಪೊಲೀಸರ 112ರ ಜೊತೆ ಜೋಡಿಸಿತು. ದಿನದ 24 ಗಂಟೆ, ದುಡ್ಡಿಲ್ಲ, ಕರೆ ಮಾಡಿದವರು ಹೆಸರು ಹೇಳಲೇಬೇಕೆಂದಿಲ್ಲ. ಕರೆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಿ, ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿರುವ ಸಹಾಯವಾಣಿ ತಂಡಕ್ಕೆ ಬರುತ್ತದೆ. ಪೊಲೀಸರು ಈ ಕ್ಷಣವೇ ಬೇಕಾದ ಕರೆ 112ಕ್ಕೆ ಹೊರಳುತ್ತದೆ. ಈ ಬದಲಾವಣೆಯಿಂದ ಪೊಲೀಸರ ನಂಟು ಗಟ್ಟಿಯಾಯಿತು, ಊರಿನ ಪರಿಚಯ ತೆಳುವಾಯಿತು. ದೂರದ ಕೊಠಡಿಯಲ್ಲಿ ಕೂತವರಿಗೆ 'ಕೆರೆ ಏರಿ ಹಿಂದಿನ ಮನೆ' ಎಂದರೆ ಅರ್ಥವಾಗುವುದಿಲ್ಲ. 'ಹೊಸಹಳ್ಳಿ' ಎಂದರೆ ಯಾವ ಹೊಸಹಳ್ಳಿ? ಒಂದೇ ಹೆಸರಿನ ಊರುಗಳು ನಮ್ಮ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಹಾಗಾಗಿ ಕರೆ ಮಾಡುವ ಮುನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಅದರ ಪಕ್ಕ ಎದ್ದು ಕಾಣುವ ಒಂದು ಗುರುತು. ಮಗುವಿನ ಅಂದಾಜು ವಯಸ್ಸು. ಮಗು ಈ ಗಳಿಗೆಯಲ್ಲಿ ಎಲ್ಲಿದೆ, ಯಾರ ಜೊತೆಗಿದೆ. ಆರೋಪಕ್ಕೆ ಗುರಿಯಾದವನು ಅದೇ ಮನೆಯಲ್ಲಿದ್ದಾನೆಯೇ. ಗಾಯ, ರಕ್ತಸ್ರಾವ, ಜ್ವರ ಇದೆಯೇ. ಮಗು ಯಾವ ಭಾಷೆ ಆಡುತ್ತದೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮಂಡ್ಯದ ಆಲೆಮನೆಗಳಿಗೆ ಉತ್ತರದ ರಾಜ್ಯಗಳಿಂದ ಕುಟುಂಬ ಸಮೇತ ಕೂಲಿಗೆ ಬಂದವರಿದ್ದಾರೆ. ಅವರ ಮಗುವಿನ ಮಾತನ್ನು ಮೇಸ್ತ್ರಿಯ ಬಾಯಿಂದ ಅನುವಾದ ಮಾಡಿಸಿದರೆ ಪ್ರಕರಣ ಅಲ್ಲೇ ಅರ್ಧ ಕೆಟ್ಟಂತೆ. ದುಭಾಷಿ ಕೊಡಬೇಕೆಂದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 19(4) ಹೇಳುತ್ತದೆ, ಕೇಳಿ ಪಡೆಯಿರಿ. ಕರೆ ಮುಗಿಸುವ ಮುಂಚೆ ದೂರು ಸಂಖ್ಯೆ ಕೇಳಿ, ಸಮಯದ ಸಮೇತ ಅದೇ ಚೀಟಿಯ ಹಿಂದೆ ಬರೆದುಕೊಳ್ಳಿ.

ಈಗ ರಸೀದಿಯ ವಿಷಯ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ ಸೆಕ್ಷನ್ 19(1)ರ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು, ಯಾರೇ ಆಗಲಿ, ತಿಳಿಸಬೇಕು. ಯಾರಿಗೆ? ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ, ಇಲ್ಲವೇ ಸ್ಥಳೀಯ ಪೊಲೀಸರಿಗೆ. ಸೆಕ್ಷನ್‌ನಲ್ಲಿ ಸಹಾಯವಾಣಿಯ ಹೆಸರಿಲ್ಲ. 2020ರ ಪೋಕ್ಸೊ ನಿಯಮಗಳಲ್ಲಿ ಇದೆ, ಆದರೆ ಅಲ್ಲಿರುವುದು 1098ಕ್ಕೆ ಬಂದ ಮಾಹಿತಿಯನ್ನು ಸಹಾಯವಾಣಿಯವರು ತಕ್ಷಣ ಪೊಲೀಸರಿಗೆ ದಾಟಿಸಬೇಕು ಎಂಬ ಮಾತು. ದಾಟಿಸುವುದು ಅವರ ಕರ್ತವ್ಯ. ದಾಟಿದೆ ಎಂಬುದಕ್ಕೆ ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ. ಬೀದಿಯಲ್ಲಿ ಕಂಡಿದ್ದನ್ನು ತಿಳಿಸಿದ ದಾರಿಹೋಕರಿಗೆ ಇಷ್ಟು ಸಾಕು. ಶಾಲೆ, ಹಾಸ್ಟೆಲ್, ಆಸ್ಪತ್ರೆ, ಟ್ಯೂಷನ್ ಸೆಂಟರ್, ಕ್ರೀಡಾ ತರಬೇತಿ ಕೇಂದ್ರಕ್ಕೆ ಸಾಲದು. ಯಾಕೆಂದರೆ ಸೆಕ್ಷನ್ 21ರಲ್ಲಿ ಸಾಮಾನ್ಯರಿಗೆ ಆರು ತಿಂಗಳವರೆಗೆ ಜೈಲು ಇಲ್ಲವೇ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ವರದಿ ಮಾಡದ ಮಗುವಿಗೆ ಮಾತ್ರ ಈ ಶಿಕ್ಷೆ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ತಿಳಿಸುವ ಕರ್ತವ್ಯ 'ಆತಂಕ'ಕ್ಕೂ ಅನ್ವಯಿಸುತ್ತದೆ, ಶಿಕ್ಷೆಯ ಸೆಕ್ಷನ್ ಮಾತ್ರ ನಡೆದ ಅಪರಾಧವನ್ನು ತಿಳಿಸದಿದ್ದರೆ ಎನ್ನುತ್ತದೆ. ವಕೀಲರು ಇದರ ಮೇಲೆ ಗಂಟೆಗಟ್ಟಲೆ ವಾದಿಸಬಹುದು. ಮುಖ್ಯಶಿಕ್ಷಕರು ಆ ಸಂದಿಯಲ್ಲಿ ನುಸುಳಲು ಹೋಗದಿರುವುದೇ ಕ್ಷೇಮ. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ನವೆಂಬರ್ 2ರಂದು ಮಹಾರಾಷ್ಟ್ರದ ಹಾಸ್ಟೆಲ್ ಪ್ರಕರಣವೊಂದರಲ್ಲಿ ಹೇಳಿತು. ಅಲ್ಲಿ ಸಿಕ್ಕಿಹಾಕಿಕೊಂಡಿದ್ದವರು ಹೆಣ್ಣುಮಕ್ಕಳಿಗೆ ಚಿಕಿತ್ಸೆ ಕೊಟ್ಟ ವೈದ್ಯರು.

ಹಾಗಾದರೆ ಸಂಸ್ಥೆ ಮಾಡಬೇಕಾದ್ದು ಎರಡು ಕೆಲಸ, ಒಂದೇ ದಿನ. 1098ಕ್ಕೆ ಫೋನ್, ಠಾಣೆಗೆ ಲಿಖಿತ ದೂರು. ದೂರು ಎರಡು ಪ್ರತಿ ಇರಲಿ, ಒಂದರ ಮೇಲೆ ಠಾಣೆಯ ಮೊಹರು, ಸಮಯ, ಸ್ವೀಕರಿಸಿದವರ ಸಹಿ. ಕಾಯ್ದೆಯ ಪ್ರಕಾರ ಪೊಲೀಸರು ವರದಿಗೆ ನಮೂದು ಸಂಖ್ಯೆ ಕೊಟ್ಟು, ಬರೆದುಕೊಂಡು, ಓದಿ ಹೇಳಿ, ಪುಸ್ತಕದಲ್ಲಿ ದಾಖಲಿಸಬೇಕು. ದಾಖಲಿಸದವರಿಗೂ ಅದೇ ಸೆಕ್ಷನ್ 21ರ ಆರು ತಿಂಗಳ ಶಿಕ್ಷೆ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದೂರು ಪಡೆದ ಅಧಿಕಾರಿ ತಮ್ಮ ಹೆಸರು, ಹುದ್ದೆ, ಫೋನ್ ನಂಬರು, ಮೇಲಧಿಕಾರಿಯ ವಿವರ ಕೊಡಬೇಕು. ಎಫ್‌ಐಆರ್ ಪ್ರತಿ ಉಚಿತ. 'ವಿಚಾರಣೆ ಮಾಡಿ ನೋಡ್ತೀವಿ' ಎಂಬ ಹಿಂಬರಹ ಎಫ್‌ಐಆರ್ ಅಲ್ಲ. ಅದನ್ನು ಹಿಡಿದುಕೊಂಡು ಮನೆಗೆ ಬರಬೇಡಿ.

ದೂರಿನ ಒಕ್ಕಣೆಯಲ್ಲೇ ಹೆಚ್ಚು ಜನ ಎಡವುವುದು. ಮೇಷ್ಟ್ರು ಕನ್ನಡ ಚೆನ್ನಾಗಿ ಬಲ್ಲವರಾದಷ್ಟೂ ಅಪಾಯ ಜಾಸ್ತಿ! 'ಸದರಿ ವ್ಯಕ್ತಿಯು ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿರುವುದು ಕಂಡುಬಂದಿರುತ್ತದೆ' ಎಂದು ಬರೆದರೆ ಅದು ತೀರ್ಪಾಯಿತು, ಮಾಹಿತಿಯಾಗಲಿಲ್ಲ. ಹೀಗೆ ಬರೆದರೆ ಸಾಕು: 'ಇಂತಹ ದಿನ ಮಧ್ಯಾಹ್ನ 2.40ಕ್ಕೆ ಐದನೇ ತರಗತಿಯ ಮಗು ನನ್ನ ಬಳಿ ಬಂದು "ವ್ಯಾನ್ ಮಾಮ ನನ್ನನ್ನೇ ಕೊನೇಲಿ ಇಳಿಸ್ತಾರೆ, ನಂಗೆ ಆ ವ್ಯಾನ್ ಬೇಡ, ಮುಟ್ತಾರೆ" ಎಂದಿತು. ನಾನು "ಆಮೇಲೆ?" ಎಂದಷ್ಟೇ ಕೇಳಿದೆ. ಮಗು ಅಳತೊಡಗಿತು. ಹೆಚ್ಚಿಗೆ ಕೇಳಲಿಲ್ಲ.' ಮಗುವಿನ ಪದಗಳು ಮಗುವಿನವೇ ಇರಲಿ. ನೀವು ಕೇಳಿದ ಪ್ರಶ್ನೆಯನ್ನೂ ಬರೆಯಿರಿ, ಏಕೆಂದರೆ ಪಾಟಿ ಸವಾಲಿನಲ್ಲಿ ಮೊದಲು ಬರುವ ಆಪಾದನೆ 'ಮೇಷ್ಟ್ರು ಹೇಳಿಕೊಟ್ಟಿದ್ದು' ಎಂಬುದೇ. ಒಬ್ಬರು ಕೇಳಿದ್ದಾದ ಮೇಲೆ ಇನ್ನೊಬ್ಬ ಟೀಚರ್, ಆಮೇಲೆ ಹೆಡ್‌ಮಾಸ್ಟರ್, ಆಮೇಲೆ ಆಡಳಿತ ಮಂಡಳಿ ಎಂದು ಮಗುವಿನಿಂದ ನಾಲ್ಕು ಸಲ ಹೇಳಿಸಬೇಡಿ. ನಾಲ್ಕು ಸಲ ಹೇಳಿದ್ದು ನಾಲ್ಕು ತರಹ ಇರುತ್ತದೆ, ಆ ನಾಲ್ಕು ತರಹವೇ ಎದುರು ವಕೀಲರ ಬಂಡವಾಳ.

ಇದಕ್ಕಿಂತ ದೊಡ್ಡ ತಪ್ಪು 'ಆಂತರಿಕ ವಿಚಾರಣೆ'. ಸಮಿತಿ ಮಾಡಿ, ಸಭೆ ಕರೆದು, ನಡಾವಳಿ ಬರೆದು, ಆಮೇಲೆ ಪೊಲೀಸರಿಗೆ ತಿಳಿಸೋಣ ಎಂಬ ಲೆಕ್ಕಾಚಾರ. ಸತ್ಯವೋ ಸುಳ್ಳೋ ನೋಡಬೇಕಾದವರು ತನಿಖಾಧಿಕಾರಿ, ಶಾಲೆಯಲ್ಲ. ಒಳ್ಳೆಯ ನಂಬಿಕೆಯಿಂದ ಕೊಟ್ಟ ಮಾಹಿತಿಗೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬಾರದು ಎಂದು ಸೆಕ್ಷನ್ 19(7) ಹೇಳುತ್ತದೆ. ಸುಳ್ಳು ದೂರಿನ ಶಿಕ್ಷೆ ಇರುವುದು ಅವಮಾನ, ಸುಲಿಗೆ, ಬೆದರಿಕೆ, ಮಾನಹಾನಿಯ ಉದ್ದೇಶದಿಂದಲೇ ಕೊಟ್ಟಿದ್ದಕ್ಕೆ. ಸಭೆ ನಡೆಯುವಷ್ಟರಲ್ಲಿ ಸಿಸಿ ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ (ಡಿವಿಆರ್) ತನ್ನ ಪಾಡಿಗೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಡಿಸ್ಕ್ ಚಿಕ್ಕದಿದ್ದರೆ ಎರಡು ವಾರದಲ್ಲಿ ದೃಶ್ಯ ಮಾಯ. ಮೊದಲ ದಿನವೇ ರೆಕಾರ್ಡಿಂಗ್ ನಿಲ್ಲಿಸಿ ಡಿಸ್ಕ್ ತೆಗೆದಿಟ್ಟು, ಬೇರೆ ಡಿಸ್ಕ್ ಹಾಕಿಸಿ, ತೆಗೆದಿದ್ದನ್ನು ಪೊಲೀಸರಿಗೆ ಮಹಜರಿನಲ್ಲಿ ಒಪ್ಪಿಸಿ. ಪೆನ್‌ಡ್ರೈವಿಗೆ ನಕಲು ಮಾಡಿ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರವೂ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು, ನಮೂದಿಸಬೇಕು.

ಠಾಣೆಯ ಹದ್ದಿನ ತಕರಾರಿಗೆ ಮೈಸೂರು ಹೇಳಿ ಮಾಡಿಸಿದ ಊರು. ನಗರಕ್ಕೆ ಕಮಿಷನರೇಟ್, ಜಿಲ್ಲೆಗೆ ಎಸ್‌ಪಿ. ಮನೆ ರಿಂಗ್ ರೋಡಿನ ಆಚೆ, ಶಾಲೆ ಈಚೆ, ಘಟನೆ ವ್ಯಾನಿನಲ್ಲಿ. 'ಇದು ನಮ್ಮ ಲಿಮಿಟ್ ಅಲ್ಲ' ಎಂಬ ಮಾತಿಗೆ ಬೆಲೆಯಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಂತೆ ಯಾವ ಠಾಣೆಯಾದರೂ ದೂರು ದಾಖಲಿಸಿ ಆಮೇಲೆ ಸಂಬಂಧಿಸಿದ ಠಾಣೆಗೆ ಕಳಿಸಬೇಕು. ಈ ಸಂಹಿತೆ ಬರುವ ಮುಂಚೆಯೂ ಪದ್ಧತಿ ಇದ್ದದ್ದೇ: 2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮಠವೊಂದರ ವಿದ್ಯಾರ್ಥಿನಿಯರ ದೂರು ದಾಖಲಾದದ್ದು ಮೈಸೂರಿನ ನಜರಬಾದ್ ಠಾಣೆಯಲ್ಲಿ, ಅದಕ್ಕೂ ಮೊದಲು ಮಕ್ಕಳು ಮಾತಾಡಿದ್ದು ಮೈಸೂರಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ (ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ನಿರ್ಧರಿಸುವ ಜಿಲ್ಲಾ ಸಮಿತಿ ಅದು). ಕಡತ ಆಮೇಲೆ ಚಿತ್ರದುರ್ಗಕ್ಕೆ ಹೋಯಿತು. ಠಾಣೆ ಒಪ್ಪದಿದ್ದರೆ ದೂರಿನ ಸಾರವನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಒಪ್ಪುವ ಜಾಗದಲ್ಲೋ, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ಹಾಕದೆ ಪಡೆಯಬೇಕು. ರಾತ್ರಿ ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ.

ಇನ್ನು ಆಸ್ಪತ್ರೆ. ಮೈಸೂರಿನಲ್ಲಿ ಚೆಲುವಾಂಬ, ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಎಂಬ ಹೆಸರುಗಳೇ ಜನರ ಬಾಯಲ್ಲಿ ಮೊದಲು ಬರುತ್ತವೆ. ಆದರೆ ನಾಗಮಂಗಲದಿಂದಲೋ ಎಚ್.ಡಿ. ಕೋಟೆಯಿಂದಲೋ ದೊಡ್ಡಾಸ್ಪತ್ರೆಗೇ ಹೋಗೋಣ ಎಂದು ಹೊತ್ತು ಕಳೆಯಬೇಡಿ. ಎಚ್‌ಐವಿ ತಡೆಯ ಔಷಧಿ ಶುರು ಮಾಡಲು 72 ಗಂಟೆಯ ಗಡುವು, ಬೇಗ ಕೊಟ್ಟಷ್ಟೂ ಒಳ್ಳೆಯದು. ದೇಹದ ಮೇಲಿನ ಸಾಕ್ಷ್ಯದ ಮಾದರಿಗಳಿಗೆ ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಕೊಡುವ ಅವಧಿ 96 ಗಂಟೆ. ಅಷ್ಟರೊಳಗೆ ಸ್ನಾನ ಮಾಡಿಸದಿದ್ದರೆ ಉತ್ತಮ. ಮಾಡಿಸಿಬಿಟ್ಟಿದ್ದರೂ ಹೋಗಲೇಬೇಕು, ಚಿಕಿತ್ಸೆಗೆ ಗಡುವಿಲ್ಲ. ಬಟ್ಟೆ ಒಗೆಯಬಾರದು. ಅದನ್ನು ಪ್ಲಾಸ್ಟಿಕ್ ಕವರಿಗೆ ತುರುಕಬಾರದು ಕೂಡ, ತೇವ ನಿಂತು ಬೂಸ್ಟು ಹಿಡಿದರೆ ಪ್ರಯೋಗಾಲಯಕ್ಕೆ ಏನೂ ಉಳಿಯದು. ನೆರಳಲ್ಲಿ ಒಣಗಿಸಿ, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಲಕೋಟೆಗೆ ಹಾಕಿ. ಹಳೆಯ ದಿನಪತ್ರಿಕೆಗಿಂತ ಬಿಳಿ ಹಾಳೆ ವಾಸಿ, ಶಾಯಿ ಅಂಟುವುದಿಲ್ಲ.

'ಮೊದಲು ಎಫ್‌ಐಆರ್ ತನ್ನಿ, ಆಮೇಲೆ ನೋಡ್ತೀವಿ' ಎನ್ನುವ ಆಸ್ಪತ್ರೆ, ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ, ಕಾನೂನಿನ ತಪ್ಪು ಮಗ್ಗುಲಲ್ಲಿ ನಿಂತಿದೆ. ಎಫ್‌ಐಆರ್ ಇಲ್ಲದೆಯೂ ಪರೀಕ್ಷೆ ಮಾಡಬಹುದು. ತುರ್ತು ಚಿಕಿತ್ಸೆಗೆ ಯಾರ ಕೋರಿಕೆ ಪತ್ರವೂ ಬೇಡ. ಚಿಕಿತ್ಸೆ ಉಚಿತ; ಕೊಡದಿದ್ದರೆ ಆಸ್ಪತ್ರೆಯ ಉಸ್ತುವಾರಿ ಹೊತ್ತವರಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 200ರಲ್ಲಿ ಒಂದು ವರ್ಷದವರೆಗೆ ಜೈಲು. ಹೆಣ್ಣುಮಗುವಾದರೆ ವೈದ್ಯೆಯೇ ಪರೀಕ್ಷಿಸಬೇಕು, ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. 'ಎರಡು ಬೆರಳಿನ ಪರೀಕ್ಷೆ' ನಿಷಿದ್ಧ. ಪರೀಕ್ಷೆಗೆ ಒಪ್ಪದವರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಲಿಲ್ಲ ಎಂದು ಬರೆದುಕೊಂಡು ಔಷಧಿ ಕೊಡಬೇಕು.

ಈ ಸೇವೆ ನಿಜಕ್ಕೂ ತಡವರಿಸುವ ಜಾಗ ಬೇರೆ ಇದೆ: ಹದಿನಾರು, ಹದಿನೇಳರ ಬಸುರಿ. ಮದುವೆಯಾಗಿದೆ ಎನ್ನುತ್ತಾರೆ, ಹತ್ತೊಂಬತ್ತು ಎಂದು ವಯಸ್ಸು ಬರೆಸುತ್ತಾರೆ, ತಾಯಿ ಕಾರ್ಡು ಮಾಡಿಸಲು ಹೋದಾಗ ಆಶಾ ಕಾರ್ಯಕರ್ತೆಗೆ ಅನುಮಾನ ಬರುತ್ತದೆ. ಕರ್ನಾಟಕದ ತಿದ್ದುಪಡಿಯಿಂದಾಗಿ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಮದುವೆ ಎಂಬುದು ರಕ್ಷಣೆಯಲ್ಲ. ವಯಸ್ಸಿಗೆ ಆಧಾರ್ ಕಾರ್ಡು ಸಾಲದು. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94ರ ಕ್ರಮ ಹೀಗಿದೆ: ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಹದಿನೆಂಟು ತುಂಬಿಲ್ಲ ಎಂದು ತಿಳಿದ ಮೇಲೆ ವೈದ್ಯರು ವರದಿ ಮಾಡಲೇಬೇಕು. ವರದಿಯಾದರೆ ಗಂಡ ಜೈಲಿಗೆ ಎಂಬ ಭಯಕ್ಕೆ ಹುಡುಗಿ ಆಸ್ಪತ್ರೆಯನ್ನೇ ತಪ್ಪಿಸಿ ಮನೆಯಲ್ಲಿ ಹೆರುವ ಅಪಾಯವೂ ಅಷ್ಟೇ ನಿಜ. ಇದಕ್ಕೆ ಕಾಯ್ದೆಯಲ್ಲಿ ಸುಲಭದ ಉತ್ತರವಿಲ್ಲ. ಗರ್ಭಪಾತ ಬಯಸಿ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ಗುರುತು ಬಿಟ್ಟುಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ತಾಲ್ಲೂಕು ಮಟ್ಟದ ಪ್ರತಿಯೊಬ್ಬ ವೈದ್ಯರ ಮೇಜಿನ ಮೇಲೂ ಇರಬೇಕಾದ ಆದೇಶ ಇದು.

ಹಳ್ಳಿಯಲ್ಲಿ ಇದಕ್ಕೆಲ್ಲ ಪರ್ಯಾಯ ಅರಳಿಕಟ್ಟೆ ಪಂಚಾಯ್ತಿ. ದುಡ್ಡು ಕೊಡಿಸಿ, ತಪ್ಪೊಪ್ಪಿಸಿ, ಕೆಲವೊಮ್ಮೆ ಅವನಿಗೇ ಮದುವೆ ಮಾಡಿಸಿ ಕೈತೊಳೆದುಕೊಳ್ಳುವುದು. ಪೋಕ್ಸೊ ರಾಜಿಯಾಗುವ ಅಪರಾಧವಲ್ಲ. ಮನೆಯವರು ರಾಜಿಯಾದರು ಎಂದು ಶಿಕ್ಷಕನೊಬ್ಬನ ಮೇಲಿನ ಎಫ್‌ಐಆರ್ ರದ್ದು ಮಾಡಿದ್ದ ರಾಜಸ್ಥಾನ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ರಾಜಿ ಮಾಡಿಸಿದ ಯಜಮಾನರಿಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ಆ ರಾಜಿ ಪತ್ರವೇ ಸಾಕ್ಷಿ.

ಠಾಣೆಯಿಂದ 24 ಗಂಟೆಯೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ಹೋಗಬೇಕು. ಆರೋಪಿ ಅದೇ ಮನೆಯವನಾಗಿದ್ದರೆ, ಮಗು ಪೋಷಕರ ಆಸರೆಯಿಲ್ಲದೆ ಮಕ್ಕಳ ಪಾಲನಾ ಸಂಸ್ಥೆಯಲ್ಲಿದ್ದರೆ, ಮಗುವನ್ನೇ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮೂರು ದಿನದೊಳಗೆ ಸಮಿತಿ ನಿರ್ಧರಿಸಬೇಕು. ಅಧ್ಯಕ್ಷರು, ನಾಲ್ವರು ಸದಸ್ಯರು, ತಿಂಗಳಿಗೆ ಕನಿಷ್ಠ 20 ದಿನ ಬೈಠಕ್. ಬೈಠಕ್ ಇಲ್ಲದ ದಿನ ಒಬ್ಬರೇ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು, ಹಾಗಾಗಿ 'ಸೋಮವಾರ ಬನ್ನಿ' ಎಂಬ ಉತ್ತರ ಒಪ್ಪಬೇಡಿ. ಇಲ್ಲಿ ಕೇಳದೆ ಸಿಗದ ಎರಡು ಸವಲತ್ತುಗಳಿವೆ. ಒಂದು, ಬೆಂಬಲ ವ್ಯಕ್ತಿ: ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆ ನಡೆದು, ತಿಂಗಳಿಗೊಮ್ಮೆ ಸಮಿತಿಗೆ ವರದಿ ಕೊಡುವವರು. ಇನ್ನೊಂದು, ಊಟ, ಬಟ್ಟೆ, ಬಸ್ ಚಾರ್ಜಿನಂಥ ತುರ್ತು ಖರ್ಚಿಗೆ ಹಣ. ಸಮಿತಿ ಶಿಫಾರಸು ಮಾಡಿದ ಒಂದು ವಾರದೊಳಗೆ ಸಿಗಬೇಕು. ದಿನಗೂಲಿ ಬಿಟ್ಟು ಕೋರ್ಟಿಗೆ ಅಲೆಯುವ ತಾಯಿ ಮೂರನೇ ವಾಯಿದೆಗೆ ಬರದಿರುವುದು ಎಷ್ಟೋ ಸಲ ಬಸ್ ಚಾರ್ಜಿನಿಂದಲೇ. ವಕೀಲರ ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ, ಅದರ ಸಹಾಯವಾಣಿ 15100.

ಲೈಂಗಿಕವಲ್ಲದ ಹಿಂಸೆಯ ವಿಷಯ ಬೇರೆ. ಬರೆ ಹಾಕಿದ ಅಪ್ಪ, ಊಟ ಕೊಡದ ಚಿಕ್ಕಮ್ಮ, ಕೋಲು ಮುರಿಯುವಂತೆ ಹೊಡೆದ ಮೇಷ್ಟ್ರು: ಬಾಲನ್ಯಾಯ ಕಾಯ್ದೆಯ ಸೆಕ್ಷನ್ 75ರಲ್ಲಿ ಮೂರು ವರ್ಷದವರೆಗೆ, ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯವರಾದರೆ ಐದು ವರ್ಷದವರೆಗೆ ಶಿಕ್ಷೆ ಇದೆ. ಆದರೆ ನೋಡಿದವರೆಲ್ಲ ವರದಿ ಮಾಡಲೇಬೇಕೆಂಬ ಪೋಕ್ಸೊದಂಥ ಕಡ್ಡಾಯ ಇದಕ್ಕಿಲ್ಲ. ದಿಕ್ಕಿಲ್ಲದ, ಪೋಷಕರಿಂದ ತಪ್ಪಿಹೋದ ಮಗು ಸಿಕ್ಕರೆ ಮಾತ್ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 32ರಂತೆ 24 ಗಂಟೆಯೊಳಗೆ ತಿಳಿಸಬೇಕು. ದಸರೆಯ ಜನಜಂಗುಳಿಯಲ್ಲಿ ಅಂಗಡಿಯವರು ನೆನಪಿಡಬೇಕಾದ್ದು. ಈ ಎರಡು ಬಗೆಗೆ 1098ರಷ್ಟು ಸಲೀಸಾದ ದಾರಿ ಬೇರೆಯಿಲ್ಲ. ಇಲ್ಲಿ ಪೂರ್ತಿ ಅಂಕ ಕೊಡಬಹುದು.

ಫೋನಿನಲ್ಲಿ ಮಗುವಿನ ಅಶ್ಲೀಲ ಚಿತ್ರ ಬಂದರೆ 'ಸಾಕ್ಷಿಗೆ ಇರಲಿ' ಎಂದು ಟೀಚರುಗಳ ಗ್ರೂಪಿಗೆ ಕಳಿಸುವುದು ಸ್ವತಃ ಅಪರಾಧ. ಆ ಫೋನನ್ನೇ ಪೊಲೀಸರಿಗೆ ಒಪ್ಪಿಸಿ, ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಿ. ಲಾಡ್ಜ್, ಫೋಟೊ ಸ್ಟುಡಿಯೊ, ಆಸ್ಪತ್ರೆಯ ಸಿಬ್ಬಂದಿಗೆ ಇಂಥದ್ದು ಕಣ್ಣಿಗೆ ಬಿದ್ದರೆ ತಿಳಿಸುವ ಕರ್ತವ್ಯವನ್ನು ಪೋಕ್ಸೊದ ಸೆಕ್ಷನ್ 20 ಹೆಸರು ಹಿಡಿದೇ ಹೊರಿಸಿದೆ.

ಇಷ್ಟಾದ ಮೇಲೆ ಶಾಲೆಯ ಗೋಡೆಗೆ ಮರಳೋಣ. ಅಲ್ಲಿರುವ ಫಲಕದಲ್ಲಿ 1098 ಒಂದೇ ಇದ್ದರೆ ಪೇಂಟರನ್ನು ಕರೆಸಿ ಅದರ ಕೆಳಗೆ ಇನ್ನೂ ನಾಲ್ಕು ಸಾಲು ಬರೆಸಿ: 112, ಶಾಲೆ ಯಾವ ಠಾಣೆಯ ಹದ್ದಿಗೆ ಸೇರುತ್ತದೋ ಆ ಠಾಣೆಯ ಹೆಸರು ಮತ್ತು ಸ್ಥಿರ ದೂರವಾಣಿ, ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ವಿಳಾಸ, ದೂರು ಬರೆಯುವ ಪುಸ್ತಕ ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರ ಬಳಿ ಎಂಬುದು. ಫಲಕವನ್ನು ಹೆಡ್‌ಮಾಸ್ಟರ್ ಕೊಠಡಿಯಲ್ಲಿ ತೂಗುಹಾಕಬೇಡಿ, ಮಕ್ಕಳು ಕೈತೊಳೆಯುವ ನಲ್ಲಿಯ ಹತ್ತಿರ, ಅವರ ಕಣ್ಣಿನ ಎತ್ತರಕ್ಕೆ.